ಏಳು ಎಕರೆಗೆ ಎಷ್ಟು ಎಚ್‌ಪಿ ಟ್ರ್ಯಾಕ್ಟರ್ ಬೇಕು? ಮೊದಲು ಅಡಿಕೆ ಸಾಲಿನ ಅಗಲ ಅಳೆಯಿರಿ

ಎಷ್ಟು ಎಚ್‌ಪಿಯ ಟ್ರ್ಯಾಕ್ಟರ್ ಕೊಳ್ಳಲಿ ಎಂದು ಕೇಳಿದ್ದೀರಿ. ನಿಮ್ಮದು ತಿಪಟೂರಿನ ಹತ್ತಿರ ಏಳು ಎಕರೆ. ಮೂರು ಎಕರೆ ತೆಂಗು, ಎರಡು ಎಕರೆಯಲ್ಲಿ ನಾಲ್ಕು ವರ್ಷದ ಅಡಿಕೆ, ಉಳಿದ ಎರಡು ಎಕರೆ ರಾಗಿ ಹೊಲ. ಶೋರೂಮಿನವರು 50 ಎಚ್‌ಪಿ ತೆಗೆದುಕೊಳ್ಳಿ ಎನ್ನುತ್ತಿದ್ದಾರೆ, ನಿಮ್ಮ ತಂದೆಯವರಿಗೂ ದೊಡ್ಡದೇ ಇರಲಿ ಎಂಬ ಆಸೆ, ನಿಮಗೆ ಮಾತ್ರ 25 ಎಚ್‌ಪಿ ಸಾಕಲ್ಲವೇ ಎಂಬ ಅನುಮಾನ. ನಾನು ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರ. 47 ಎಚ್‌ಪಿ ಟ್ರ್ಯಾಕ್ಟರ್ ತಂದು, ನಾಲ್ಕು ವರ್ಷ ಓಡಿಸಿ, ಮಾರಿ, ಈಗ 24 ಎಚ್‌ಪಿಯದನ್ನು ಇಟ್ಟುಕೊಂಡಿದ್ದೇನೆ. ನಿಮ್ಮ ಅನುಮಾನವೇ ಸರಿ.

ಎಕರೆಯ ಲೆಕ್ಕ ಸದ್ಯಕ್ಕೆ ಪಕ್ಕಕ್ಕಿಡಿ. ಒಂದು ಟೇಪು ಹಿಡಿದು ಅಡಿಕೆ ತೋಟಕ್ಕೆ ಹೋಗಿ. ವಾಡಿಕೆಯಂತೆ ನೆಟ್ಟಿದ್ದರೆ ಸಾಲಿನಿಂದ ಸಾಲಿಗೆ 9 ಅಡಿ ಇರುತ್ತದೆ. ಆದರೆ ಆ 9 ಅಡಿಯೂ ಟ್ರ್ಯಾಕ್ಟರಿನದಲ್ಲ. ಅಡಿಕೆಗೆ ತಾಯಿಬೇರಿಲ್ಲ. ಇರುವ ಬೇರುಗಳಲ್ಲಿ ಬಹುಪಾಲು ಬುಡದಿಂದ ಸುಮಾರು ಮೂರು ಅಡಿಯೊಳಗೇ ಹರಡಿಕೊಂಡಿರುತ್ತದೆ. ಆ ಸಾಲಿನ ಮೂರು ಅಡಿ, ಈ ಸಾಲಿನ ಮೂರು ಅಡಿ ಕಳೆದರೆ ನಡುವೆ ನಿಶ್ಚಿಂತೆಯಿಂದ ಮಣ್ಣು ಕೆದಕಲು ಉಳಿಯುವುದು ಮೂರೇ ಅಡಿ. 47 ಎಚ್‌ಪಿ ಟ್ರ್ಯಾಕ್ಟರಿನ ಮೈಯಗಲವೇ ಸುಮಾರು ಆರು ಅಡಿ, ತೂಕ ಎರಡು ಟನ್ನಿನ ಆಸುಪಾಸು. ಅದರ ಎರಡೂ ಹಿಂಬದಿ ಚಕ್ರಗಳು ಬೇರಿನ ಮೇಲೆಯೇ ಸಾಗುತ್ತವೆ.

ಇದನ್ನು ನಾನು ತಿಳಿದದ್ದು ತೋಟದಲ್ಲಿ ಕೂತು ನೋಡಿದ ಮೇಲೆ. ಒಮ್ಮೆ ಮಳೆಗಾಲ ಮುಗಿದು ಕಳೆ ಮೊಣಕಾಲುದ್ದ ಬೆಳೆದಿತ್ತು. ಮಣ್ಣು ಪುಡಿಮಾಡುವ ಐದು ಅಡಿ ಅಗಲದ ರೋಟವೇಟರ್ ಕಟ್ಟಿ ಒಂದು ಸಾಲು ಹೊಡೆದು ಇಳಿದು ನೋಡಿದರೆ, ಪುಡಿಯಾದ ಮಣ್ಣಿನ ತುಂಬ ಕಡ್ಡಿಯಂಥ ತುಂಡುಗಳು. ಕಳೆಯ ಬೇರು ಇರಬೇಕೆಂದು ಒಂದನ್ನು ಕೈಗೆತ್ತಿಕೊಂಡೆ. ಉಗುರಿನಿಂದ ಕೆರೆದಾಗ ಒಳಗೆ ಬಿಳಿ, ಹಸಿ. ಅಡಿಕೆಯ ಬೇರು. ನಮ್ಮ ತಂದೆ ಏಳು ವರ್ಷ ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಗಿಡಗಳ ಬೇರು ಅವು. ಆ ದಿನ ಗಾಡಿಯನ್ನು ಹಿಂದಕ್ಕೆ ತಂದು ನಿಲ್ಲಿಸಿದವನು ಮತ್ತೆ ತೋಟದೊಳಗೆ ಬಿಡಲಿಲ್ಲ. ಚಕ್ರ ಓಡಾಡಿದ ಅಚ್ಚಿನಲ್ಲಿ ಮುಂದಿನ ಮಳೆಗಾಲದಲ್ಲೂ ನೀರು ಇಂಗದೆ ನಿಲ್ಲುತ್ತಿತ್ತು.

ಈಗ ನನ್ನ ಬಳಿ ಇರುವಂಥ ಮಿನಿ ಟ್ರ್ಯಾಕ್ಟರಿನ ಅಗಲ ಮೂರೂವರೆ, ನಾಲ್ಕು ಅಡಿ. ತೂಕ ಒಂದು ಟನ್ನಿಗಿಂತ ಕಡಿಮೆ. ಮೂರು ಅಡಿಯ ರೋಟವೇಟರನ್ನು ಅದು ಸಲೀಸಾಗಿ ತಿರುಗಿಸುತ್ತದೆ. ನಾನು ಈಗ ಮೂರ್ನಾಲ್ಕು ಅಂಗುಲಕ್ಕಿಂತ ಆಳಕ್ಕೆ ಬಿಡುವುದಿಲ್ಲ, ಕಳೆ ಮಗುಚಿದರೆ ಸಾಕು. ಬುಡದ ಕೆಲಸ ಕೈಯಲ್ಲೇ. ಹನಿ ನೀರಾವರಿಯ ಪೈಪುಗಳನ್ನು ಸಾಲಿನ ನಡುವೆ ಎಳೆದಿದ್ದರೆ ಬುಡದ ಕಡೆಗೆ ಸರಿಸಿಬಿಡಿ, ಇಲ್ಲದಿದ್ದರೆ ಯಾವ ಗಾತ್ರದ ಗಾಡಿ ತಂದರೂ ಅವು ಉಳಿಯುವುದಿಲ್ಲ.

ತೆಂಗಿನದು ನಿಮಗೆ ತೊಂದರೆಯೇ ಅಲ್ಲ. 25 ಅಡಿ ಅಂತರದಲ್ಲಿ ಬುಡದಿಂದ ಆರಾರು ಅಡಿ ಬಿಟ್ಟರೂ ನಡುವೆ 13 ಅಡಿ ಸಿಗುತ್ತದೆ, ದೊಡ್ಡದೂ ಹೋಗುತ್ತದೆ, ಸಣ್ಣದೂ ಹೋಗುತ್ತದೆ.

ಇನ್ನು ಶಕ್ತಿಯ ಮಾತು. ಬಾನೆಟ್ಟಿನ ಮೇಲೆ ಬರೆದಿರುವುದು ಎಂಜಿನ್ನಿನ ಎಚ್‌ಪಿ. ರೋಟವೇಟರ್, ಔಷಧಿ ಹೊಡೆಯುವ ಪಂಪುಗಳನ್ನು ತಿರುಗಿಸುವುದು ಪಿಟಿಒ, ಅಂದರೆ ಗಾಡಿಯ ಹಿಂದೆ ತಿರುಗುವ ದಂಡ. ಅಲ್ಲಿಗೆ ತಲುಪುವುದು ಸಾಮಾನ್ಯವಾಗಿ ಎಂಜಿನ್ ಶಕ್ತಿಯ ಶೇ 85ರಷ್ಟು, ಕೆಲವು ಮಾದರಿಗಳಲ್ಲಿ ಇನ್ನೂ ಕಡಿಮೆ. ಹಾಗಾಗಿ ಎರಡು ಮಾದರಿ ಹೋಲಿಸುವಾಗ ಪಿಟಿಒ ಎಚ್‌ಪಿ ಮತ್ತು ಹೈಡ್ರಾಲಿಕ್ ಎಷ್ಟು ಕಿಲೊ ಎತ್ತುತ್ತದೆ ಎಂಬುದನ್ನು ಕೇಳಿ ಬರೆದುಕೊಳ್ಳಿ. ಸಣ್ಣದರಲ್ಲಿ ಕೆಲಸ ನಿಧಾನ, ಅದನ್ನು ಮುಚ್ಚಿಡುವುದಿಲ್ಲ. ಐದು ಅಡಿಯ ರೋಟವೇಟರ್ ಒಂದು ಎಕರೆಯನ್ನು ಒಂದು ಗಂಟೆ ಚಿಲ್ಲರೆಯಲ್ಲಿ ಮುಗಿಸಿದರೆ ಮೂರು ಅಡಿಯದಕ್ಕೆ ಎರಡು ಗಂಟೆಯ ಮೇಲೆ ಬೇಕು. ಎರಡು ಎಕರೆ ಅಡಿಕೆಗೆ ಎರಡು ಗಂಟೆಯಷ್ಟು ಹೆಚ್ಚು ಹೋಗುತ್ತದೆ. ಬೇರು ಉಳಿಯುವುದಾದರೆ ಆ ಎರಡು ಗಂಟೆ ನನಗೆ ದೊಡ್ಡದಲ್ಲ.

ರಾಗಿ ಹೊಲಕ್ಕೆ ದೊಡ್ಡದು ಬೇಕು ಎಂಬ ನಿಮ್ಮ ತಂದೆಯವರ ಮಾತಿನಲ್ಲಿ ಹುರುಳಿದೆ. ಬೇಸಗೆಯಲ್ಲಿ ಗಡುಸಾದ ನೆಲಕ್ಕೆ ನೇಗಿಲು ಇಳಿಸುವುದು 24 ಎಚ್‌ಪಿಯಿಂದ ಆಗುವ ಕೆಲಸವಲ್ಲ, ಎಂಜಿನ್ ತಡೆದರೂ ಗಾಡಿಯ ತೂಕ ಸಾಲದೆ ಚಕ್ರ ಜಾರುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಎರಡು ಎಕರೆಗೆ ನೇಗಿಲು, ಕಲ್ಟಿವೇಟರ್, ರೋಟವೇಟರ್ ಎಲ್ಲ ಸೇರಿ ವರ್ಷಕ್ಕೆ ಆರೇಳು ಗಂಟೆ. ನಮ್ಮ ಊರಿನ ಬಾಡಿಗೆ ಗಂಟೆಗೆ 1,000ದಿಂದ 1,200 ರೂಪಾಯಿ. ವರ್ಷಕ್ಕೆ ಎಂಟು ಸಾವಿರ ರೂಪಾಯಿಯ ಕೆಲಸಕ್ಕಾಗಿ ಒಂದೂವರೆ, ಎರಡು ಲಕ್ಷ ಹೆಚ್ಚು ಕೊಟ್ಟು, ಅದರ ಬಡ್ಡಿ ಕಟ್ಟಿ, ಉಳಿದ ದಿನವೆಲ್ಲ ಹೆಚ್ಚು ಡೀಸೆಲ್ ಸುಡುವುದೇಕೆ?

ನಿಮ್ಮ ತಂದೆಯವರ ನಿಜವಾದ ಭಯ ಬೇರೆ ಇರಬಹುದು. ಮೊದಲ ಮಳೆ ಬಿದ್ದು ನೆಲ ಹದಕ್ಕೆ ಬಂದ ದಿನ ಊರಿನ ಎಲ್ಲರಿಗೂ ಟ್ರ್ಯಾಕ್ಟರ್ ಬೇಕು, ಬಾಡಿಗೆಯವನು ಫೋನ್ ಎತ್ತುವುದಿಲ್ಲ, ಹದ ಯಾರಿಗಾಗಿಯೂ ಕಾಯುವುದಿಲ್ಲ. ನಾನು ಇದಕ್ಕೆ ಮುಯ್ಯಾಳಿನ ದಾರಿ ಹಿಡಿದಿದ್ದೇನೆ. ಪಕ್ಕದ ಜಮೀನಿನವರ ಬಳಿ 50 ಎಚ್‌ಪಿ ಇದೆ, ಅವರ ಅಡಿಕೆ ತೋಟಕ್ಕೆ ಅದು ಹೋಗುವುದಿಲ್ಲ. ಅವರ ತೋಟಕ್ಕೆ ನನ್ನ ಗಾಡಿ, ನನ್ನ ಹೊಲಕ್ಕೆ ಅವರ ಗಾಡಿ, ಡೀಸೆಲ್ ಅವರವರದು. ಅಂಥವರು ಸಿಗದಿದ್ದರೆ ನಿಮ್ಮ ಹೋಬಳಿಯಲ್ಲಿ ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರ ಇದೆಯೇ ಎಂದು ವಿಚಾರಿಸಿ, ಮಳೆಗೆ ಮುಂಚೆಯೇ ಹೆಸರು ಬರೆಸಿ.

ಒಂದು ವಿಷಯದಲ್ಲಿ ಮಾತ್ರ ಮಿನಿ ಟ್ರ್ಯಾಕ್ಟರನ್ನು ನಂಬಿ ಮೈಮರೆಯಬೇಡಿ: ಟ್ರೇಲರ್. ಸಮತಟ್ಟಾದ ದಾರಿಯಲ್ಲಿ ಅದು ತಿಪ್ಪೆಗೊಬ್ಬರವನ್ನೋ ತೆಂಗಿನಕಾಯಿಯನ್ನೋ ಹೇರಿಕೊಂಡು ಚೆನ್ನಾಗಿಯೇ ಎಳೆಯುತ್ತದೆ. ಎಳೆಯುವುದು ದೊಡ್ಡದಲ್ಲ, ಇಳಿಜಾರಿನಲ್ಲಿ ನಿಲ್ಲಿಸುವುದು ದೊಡ್ಡದು. ಹಿಂದಿನ ಭಾರ ಮುಂದಿನ ಗಾಡಿಗಿಂತ ಬಹಳ ಹೆಚ್ಚಾದರೆ ಬ್ರೇಕ್ ಒತ್ತಿದಾಗ ಟ್ರೇಲರ್ ತಳ್ಳಿ ಅಡ್ಡ ಮಲಗಿಸುತ್ತದೆ. ತೋಟದಿಂದ ಮನೆಗೆ ಬರುವ ದಾರಿಯಲ್ಲಿ ಏರಿಳಿತವಿದ್ದರೆ ಅರ್ಧ ಲೋಡು ಹೇರಿ, ಇಳಿಯುವಾಗ ಗೇರ್ ಬಿಡಿಸಬೇಡಿ, ಮಡ್‌ಗಾರ್ಡ್ ಮೇಲೆ ಮಕ್ಕಳನ್ನು ಕೂರಿಸಬೇಡಿ. ದಿನಾ ಕಬ್ಬು, ಮರಳು ಸಾಗಿಸುವವರಾಗಿದ್ದರೆ ಅಥವಾ ಗದಗದ ಕಡೆಯಂತೆ ಹದಿನೈದು ಇಪ್ಪತ್ತು ಎಕರೆ ಎರೆಭೂಮಿ ಇದ್ದಿದ್ದರೆ ನಾನೇ ನಿಮಗೆ 50 ಎಚ್‌ಪಿ ಹೇಳುತ್ತಿದ್ದೆ.

ಖರೀದಿಗೆ ಮೊದಲು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಪಹಣಿ, ಆಧಾರ್, ಎಫ್‌ಐಡಿ (ರೈತರ ಗುರುತಿನ) ಸಂಖ್ಯೆ ಹಿಡಿದು ಹೋಗಿ. ಮಿನಿ ಟ್ರ್ಯಾಕ್ಟರಿಗೆ ಸಹಾಯಧನವಿದೆ, ಆದರೆ ಕೊಂಡ ಮೇಲೆ ಅರ್ಜಿ ಹಾಕಿ ಪ್ರಯೋಜನವಿಲ್ಲ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ, ಅದಕ್ಕೂ ಹಿಂದಿನ ದರಪಟ್ಟಿ ಕೈಯಲ್ಲಿದ್ದರೆ ಹೊಸದು ಕೇಳಿ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಮಾದರಿಯನ್ನೇ ನೋಡಿ, ಹಸಿ ತೋಟದಲ್ಲಿ ಅದರ ಬೆಲೆ ತಿಳಿಯುತ್ತದೆ.

ಮತ್ತೆ, ಶೋರೂಮಿನ ಅಂಗಳದಲ್ಲಿ ಓಡಿಸಿ ಒಪ್ಪಿಕೊಳ್ಳಬೇಡಿ. ಗಾಡಿಯನ್ನು ನಿಮ್ಮ ತೋಟಕ್ಕೇ ತರಿಸಿ, ರೋಟವೇಟರ್ ಕಟ್ಟಿಸಿ, ಅಡಿಕೆ ಸಾಲಿನ ಕೊನೆಯಲ್ಲಿ ಬದುವಿನ ಹತ್ತಿರ ಒಂದೇ ಸುತ್ತಿಗೆ ಪಕ್ಕದ ಸಾಲಿಗೆ ತಿರುಗುತ್ತದೆಯೇ ನೋಡಿ. ಸ್ಟೇರಿಂಗ್ ಹಿಡಿದು ಕೂರಬೇಕಾದವರು ನಿಮ್ಮ ತಂದೆಯವರು. ಪ್ರತಿದಿನ ಅದನ್ನು ಏರಿ ಇಳಿಯುವವರು ಅವರೇ ತಾನೇ.