ಹತ್ತಿರದಲ್ಲಿ ಎಂಜಿನ್ ಉರಿಸಿದರೆ ದೂರದ ತುದಿ ಏಕೆ ಏರುತ್ತದೆ?

ಚಂದ್ರಯಾನ-3 ಭೂಮಿಗೆ ತೀರಾ ಹತ್ತಿರ ಬಂದಾಗ ಎಂಜಿನ್ ಉರಿಸಿದರು, ಆದರೆ ಮೇಲೇರಿದ್ದು ಅದರ ಉದ್ದನೆಯ ಕಕ್ಷೆಯ ಆಚೆ ತುದಿ, ಇದು ಉಲ್ಟಾ ಅಲ್ವಾ ಎಂದು ಕೇಳಿದ್ದೀರಿ. ನನಗೂ ಮೊದಮೊದಲು ಹಾಗೇ ಅನಿಸಿತ್ತು.

ಒಂದು ವಿಷಯ ಹಿಡಿದುಕೊಳ್ಳಿ. ಎಂಜಿನ್ ಆರಿಸಿದ ಮೇಲೆ ನೌಕೆ ಒಂದು ಸುತ್ತು ಹಾಕಿ ಮತ್ತೆ ಅದೇ ಜಾಗಕ್ಕೆ ಬರಲೇಬೇಕು. ಹೊಸ ಕಕ್ಷೆಯೂ ಆ ಬಿಂದುವಿನ ಮೂಲಕವೇ ಹೋಗುತ್ತದೆ. ಹಾಗಾಗಿ ಅಲ್ಲಿ ಕೊಟ್ಟ ಹೆಚ್ಚಿನ ವೇಗ ಎದುರು ಬದಿಯಲ್ಲಿ ಎತ್ತರವಾಗಿ ಕಾಣುತ್ತದೆ. ಕಲ್ಲನ್ನು ಜೋರಾಗಿ ಎಸೆದರೆ ನಿಮ್ಮ ಕೈ ಮೇಲೇರುವುದಿಲ್ಲ, ಕಲ್ಲು ಮುಟ್ಟುವ ಎತ್ತರ ಏರುತ್ತದೆ!

ಹತ್ತಿರದಲ್ಲೇ ಏಕೆ? ಅಲ್ಲಿ ನೌಕೆಯ ವೇಗ ಸೆಕೆಂಡಿಗೆ ಸುಮಾರು 10 ಕಿ.ಮೀ. ವೇಗ ಜಾಸ್ತಿ ಇರುವಾಗ ಅಷ್ಟೇ ಇಂಧನಕ್ಕೆ ಹೆಚ್ಚು ಶಕ್ತಿ ಸಿಗುತ್ತದೆ. ಅದರ ಎಂಜಿನ್ನೋ ಪುಟ್ಟದು, ತಳ್ಳುವ ಬಲ 440 ನ್ಯೂಟನ್. ಸುಮಾರು 3,900 ಕೆ.ಜಿ. ನೌಕೆಯನ್ನು ಅದು ತಳ್ಳಬೇಕು. ಒಂದೇ ಸಲಕ್ಕೆ ಆಗುವ ಕೆಲಸವಲ್ಲ. ಅದಕ್ಕೇ ಕಂತು ಕಂತಾಗಿ ಏರಿಸಿದರು. 2023ರ ಜುಲೈ 14ರಂದು ಹಾರಿದಾಗ ದೂರದ ತುದಿ ಸುಮಾರು 36,500 ಕಿ.ಮೀ. ಇತ್ತು, 25ರ ಹೊತ್ತಿಗೆ 1,27,600 ಕಿ.ಮೀ. ದಾಟಿತ್ತು. ಆಜ್ಞೆಗಳು ಹೋಗುತ್ತಿದ್ದದ್ದು ನಮ್ಮ ಬೆಂಗಳೂರಿನಲ್ಲಿರುವ ಇಸ್ರೋದ ನಿಯಂತ್ರಣ ಕೇಂದ್ರ ಇಸ್ಟ್ರ್ಯಾಕ್‌ನಿಂದ.

ಹೀಗೆ ಎಂಜಿನ್ ಉರಿಸಿದ ಐದು ಸಲದಲ್ಲಿ ಎರಡನೆಯದು ಮಾತ್ರ ಬೇರೆ. ಆಗ ಏರಿದ್ದು ಹತ್ತಿರದ ತುದಿ, 173ರಿಂದ 226 ಕಿ.ಮೀ.ಗೆ. ಆ ಸಲ ಎಂಜಿನ್ ಎಲ್ಲಿ ಉರಿಸಿರಬೇಕು, ಈಗ ನೀವೇ ಹೇಳಬಹುದು.