ಕಾರ್ಖಾನೆಯಿಂದ ಸಂಶೋಧನಾ ಪ್ರಯೋಗಾಲಯಕ್ಕೆ ಬಂದು ಮೆಕ್ಯಾನಿಕಲ್ ಟೆಕ್ನಿಷಿಯನ್‌ಗಳ ತಂಡ ನೋಡಿಕೊಳ್ಳುವುದು ಹೇಗೆ?

ಪ್ರೊಡಕ್ಷನ್ ವಿಭಾಗದಿಂದ ಪ್ರಯೋಗಾಲಯದ ವರ್ಕ್‌ಶಾಪ್‌ಗೆ ಬಂದಿದ್ದೀರಿ, ಕೈಕೆಳಗಿರುವ ಟರ್ನರ್, ಫಿಟ್ಟರ್, ವೆಲ್ಡರ್‌ಗಳಲ್ಲಿ ಹೆಚ್ಚಿನವರು ವಯಸ್ಸಿನಲ್ಲೂ ಅನುಭವದಲ್ಲೂ ನಿಮಗಿಂತ ದೊಡ್ಡವರು, ಅವರ ಮುಂದೆ ಅಧಿಕಾರ ಉಳಿಸಿಕೊಳ್ಳುವುದು ಹೇಗೆ ಎಂದು ಕೇಳಿದ್ದೀರಿ. ನನ್ನದೂ ಇಂಥದ್ದೇ ವರ್ಕ್‌ಶಾಪ್ ನೋಡಿಕೊಳ್ಳುವ ಕೆಲಸ. ಅಧಿಕಾರದ ವಿಷಯ ಆಮೇಲೆ ಹೇಳುತ್ತೇನೆ. ಅದಕ್ಕಿಂತ ಮೊದಲು ಕೆಲಸವೇ ಬೇರೆ ಆಗಿದೆ ಅನ್ನುವುದನ್ನು ನೋಡಿ.

ಕಾರ್ಖಾನೆಯಲ್ಲಿ ಒಂದೇ ಭಾಗವನ್ನು ಸಾವಿರ ಸಲ ಮಾಡುತ್ತಾರೆ; ಮೊದಲ ಕೆಲವು ಕೆಟ್ಟರೂ ಜಿಗ್ (ಭಾಗವನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಚೌಕಟ್ಟು) ಸರಿಮಾಡಿಕೊಂಡು ಮುಂದೆ ಹೋಗಬಹುದು. ಇಲ್ಲಿ ಬಹುತೇಕ ಜಾಬ್‌ಗಳು ಒಂದೇ ಒಂದು ಪೀಸ್. ಡ್ರಾಯಿಂಗ್ ಮಾಡಿದವರು ಪಿಎಚ್.ಡಿ. ವಿದ್ಯಾರ್ಥಿ ಆಗಿದ್ದರಂತೂ ಯಾವ ಅಳತೆ ಮುಖ್ಯ, ಯಾವುದು ಅಲ್ಲ ಎಂಬುದು ಅವರಿಗೂ ಪೂರ್ತಿ ಗೊತ್ತಿರುವುದಿಲ್ಲ. ಸುರಕ್ಷಿತವಾಗಿರಲಿ ಅಂತ ಎಲ್ಲದಕ್ಕೂ ±0.01 ಮಿ.ಮೀ. ಹಾಕಿಬಿಟ್ಟಿರುತ್ತಾರೆ, ಅಂದರೆ ಅಳತೆ ಅಷ್ಟು ಮಾತ್ರ ಹೆಚ್ಚುಕಡಿಮೆ ಆಗಬಹುದು. 300 ಮಿ.ಮೀ. ಉದ್ದದ ಅಲ್ಯೂಮಿನಿಯಂ ಪ್ಲೇಟ್ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7 ಮೈಕ್ರಾನ್ (0.007 ಮಿ.ಮೀ.) ಹಿಗ್ಗುತ್ತದೆ. ಅಳತೆಗಳೆಲ್ಲ 20 ಡಿಗ್ರಿ ಸೆಲ್ಸಿಯಸ್‌ಗೆ ಲೆಕ್ಕ. ಮೆಷಿನ್‌ನಿಂದ ಈಗಷ್ಟೇ ತೆಗೆದ ಪ್ಲೇಟನ್ನು ಅಳೆದು 0.01 ಸಿಕ್ಕಿತು ಅಂದರೆ ಅದಕ್ಕೆ ಅರ್ಥವೇ ಇಲ್ಲ. ಆದ್ದರಿಂದ ಡ್ರಾಯಿಂಗ್ ಬಂದ ಕೂಡಲೇ ಹಾಗೇ ಲೇತ್‌ಗೋ ಮಿಲ್ಲಿಂಗ್‌ಗೋ ಕಳಿಸಬೇಡಿ. ಡ್ರಾಯಿಂಗ್ ಕೊಟ್ಟವರನ್ನೂ ಅದನ್ನು ಮಾಡುವವರನ್ನೂ ಒಟ್ಟಿಗೆ ನಿಲ್ಲಿಸಿ ಕೇಳಿ: ಈ ಮುಖ ಯಾವುದರ ಮೇಲೆ ಕೂರುತ್ತೆ? ಈ ತೂತು ಬರೀ ವೈರ್ ಹೋಗೋಕಾ? ಹತ್ತು ಅಳತೆಗಳಲ್ಲಿ ಎಂಟು ಅಲ್ಲೇ ಸಡಿಲವಾಗುತ್ತವೆ, ಉಳಿದ ಎರಡರ ಮೇಲೆ ಟೆಕ್ನಿಷಿಯನ್ ತನ್ನ ಪೂರ್ತಿ ಗಮನ ಇಡಬಹುದು.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಹೊರಗೆ ಒಳ್ಳೆಯ ಕೆಲಸ ಅನ್ನಿಸಿಕೊಂಡದ್ದು ಇಲ್ಲಿ ಕೆಟ್ಟ ಕೆಲಸ ಆಗಬಹುದು. ವ್ಯಾಕ್ಯೂಮ್ ಚೇಂಬರ್, ಅಂದರೆ ಒಳಗಿನ ಗಾಳಿಯನ್ನು ಪಂಪ್‌ನಿಂದ ಹೊರತೆಗೆಯುವ ಪಾತ್ರೆ, ತೆಗೆದುಕೊಳ್ಳಿ. ಗಟ್ಟಿಯಾಗಿರಲಿ ಅಂತ ಅನುಭವಿ ವೆಲ್ಡರ್ ಒಳಗೂ ಹೊರಗೂ ಪೂರ್ತಿ ಸುತ್ತು ವೆಲ್ಡ್ ಎಳೆಯುತ್ತಾರೆ. ಅವರು ಕಲಿತಿರುವುದು ಹಾಗೆ. ಆದರೆ ಚೇಂಬರ್‌ನಲ್ಲಿ ಆ ಎರಡು ವೆಲ್ಡ್‌ಗಳ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಒಳಗಿನ ವೆಲ್ಡ್‌ನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ಆ ಗಾಳಿ ಒಳಕ್ಕೆ ಸೋರುತ್ತಲೇ ಇರುತ್ತದೆ, ಪ್ರೆಶರ್ ಇಳಿಯುವುದಿಲ್ಲ. ಹೊರಗಿನಿಂದ ಹೀಲಿಯಂ ಊದಿ, ಅದು ಒಳಗೆ ಬಂತೇ ಅಂತ ಲೀಕ್ ಡಿಟೆಕ್ಟರ್ ನೋಡಿದರೆ ಏನೂ ತೋರಿಸುವುದಿಲ್ಲ, ಹೊರಗಿನ ವೆಲ್ಡ್ ಗಟ್ಟಿಯಾಗಿದೆಯಲ್ಲ! ಅದಕ್ಕೇ ಪೂರ್ತಿ ವೆಲ್ಡ್ ಒಳಮುಖಕ್ಕೆ. ಬಲ ಬೇಕಿದ್ದರೆ ಹೊರಗೆ ಅಲ್ಲಲ್ಲಿ ತುಂಡು ತುಂಡಾಗಿ. ತಳ ಮುಚ್ಚಿರುವ ಟ್ಯಾಪ್ ಹೋಲ್‌ಗೆ (ಒಳಗೆ ಥ್ರೆಡ್ ಕೊರೆದ ತೂತಿಗೆ) ಮಾಮೂಲಿ ಸ್ಕ್ರೂ ಬಿಗಿದರೂ ಇದೇ ಕತೆ, ನಡುವೆ ಉದ್ದಕ್ಕೂ ತೂತಿರುವ ಸ್ಕ್ರೂ ಹಾಕಬೇಕು. ಹಿತ್ತಾಳೆಯ ಸ್ಕ್ರೂ ಕೂಡದು: ಒಳಗೋಡೆಗೆ ಅಂಟಿದ ತೇವ ಹೊರಹೋಗಲೆಂದು ಚೇಂಬರನ್ನು ಬಿಸಿ ಮಾಡಿ ಬೇಕ್‌ಔಟ್ ಮಾಡುವಾಗ ಅದರಲ್ಲಿರುವ ಸತು ಆವಿಯಾಗಿ ಒಳಗೆಲ್ಲ ಅಂಟಿಕೊಳ್ಳುತ್ತದೆ. ಜೋಡಣೆ ಸೋರದಂತೆ ನಡುವೆ ಇಡುವ ತಾಮ್ರದ ಗ್ಯಾಸ್ಕೆಟ್ ಒಂದು ಸಲ ಒತ್ತಿದ ಮೇಲೆ ಮುಗಿಯಿತು, ನೋಡಲು ಎಷ್ಟೇ ಚೆನ್ನಾಗಿ ಕಂಡರೂ ಮತ್ತೆ ಹಾಕುವಂತಿಲ್ಲ.

ಇದನ್ನೆಲ್ಲ ನಿಯಮಗಳ ಪಟ್ಟಿ ಮಾಡಿ ಗೋಡೆಗೆ ಅಂಟಿಸಿ ಸುಮ್ಮನಾಗುವ ಮೇಲ್ವಿಚಾರಕರಿದ್ದಾರೆ. ಪಟ್ಟಿ ಇರಲಿ, ಜೊತೆಗೆ ಯಾಕೆ ಅನ್ನುವುದನ್ನೂ ಹೇಳಿ. ಸಿಕ್ಕಿಕೊಂಡ ಗಾಳಿಯ ವಿಷಯ ಅರ್ಥವಾದ ಫಿಟ್ಟರ್, ಪಟ್ಟಿಯಲ್ಲಿ ಇಲ್ಲದೇ ಇರುವ ಜಾಗದಲ್ಲೂ ಅದನ್ನು ಹುಡುಕುತ್ತಾರೆ. ಎಷ್ಟೋ ಸಲ ಡಿಸೈನ್ ಮಾಡಿದವರಿಗೇ ಅದು ಹೊಳೆದಿರುವುದಿಲ್ಲ.

ಬಾಹ್ಯಾಕಾಶದಲ್ಲಿರುವ ಹಬಲ್ ಟೆಲಿಸ್ಕೋಪಿನ ಕನ್ನಡಿಯ ಪ್ರಕರಣವನ್ನು ಹೊಸದಾಗಿ ಸೇರುವ ಎಲ್ಲರಿಗೂ ನಾನು ಹೇಳುತ್ತೇನೆ. 1990ರಲ್ಲಿ ಹಾರಿಸಿದ ಮೇಲೆ ಚಿತ್ರಗಳು ಮಸುಕಾಗಿ ಬಂದವು, 2.4 ಮೀಟರ್ ಕನ್ನಡಿಯ ಅಂಚು ಸುಮಾರು 2.2 ಮೈಕ್ರಾನ್ ಹೆಚ್ಚು ಚಪ್ಪಟೆಯಾಗಿತ್ತು. ಕಾರಣ, ಕನ್ನಡಿಯನ್ನು ಪರೀಕ್ಷಿಸುವ ಸಾಧನದಲ್ಲೇ ಒಂದು ಲೆನ್ಸ್ 1.3 ಮಿ.ಮೀ. ಆಚೀಚೆ ಕೂತಿತ್ತು. ಜೋಡಿಸುವಾಗ ಲೆನ್ಸ್ ಹೇಳಿದ ಜಾಗಕ್ಕೆ ಬರಲಿಲ್ಲ, ವಾಷರ್ ಇಟ್ಟು ಹೊಂದಿಸಿದರು. ಬೇರೆ ಎರಡು ಪರೀಕ್ಷಾ ಸಾಧನಗಳು ದೋಷ ತೋರಿಸಿದಾಗ, ಅವು ಅಷ್ಟು ನಿಖರವಲ್ಲ ಅಂತ ಪಕ್ಕಕ್ಕಿಟ್ಟರು. ಸರಿಪಡಿಸಲು ಗಗನಯಾತ್ರಿಗಳು 1993ರ ಡಿಸೆಂಬರ್‌ನಲ್ಲಿ ಅಲ್ಲಿಗೇ ಹೋಗಬೇಕಾಯಿತು. ವಾಷರ್ ಇಟ್ಟವರನ್ನು ಬೈಯುವುದು ಸುಲಭ. ನನಗೆ ಕಾಡುವುದು ಬೇರೆ ಪ್ರಶ್ನೆ: ಭಾಗ ಕೂರುತ್ತಿಲ್ಲ ಅಂದಾಗ ಕೆಲಸ ನಿಲ್ಲಿಸಿ ಕೇಳಬಹುದು ಎಂಬ ಧೈರ್ಯ ಅಲ್ಲಿ ಯಾರಿಗಾದರೂ ಇತ್ತೇ? ನಿಮ್ಮ ವರ್ಕ್‌ಶಾಪ್‌ನಲ್ಲಿ ಯಾರೇ ಬಂದು 'ಫ್ಲಾಂಜ್ (ಇನ್ನೊಂದು ಭಾಗಕ್ಕೆ ಬೋಲ್ಟ್ ಹಾಕಿ ಜೋಡಿಸುವ ಬಳೆ) ಅಂಚಿಗೆ ಸ್ಪ್ಯಾನರ್ ತಗುಲಿ ಗೀರು ಬಿದ್ದಿದೆ' ಅಂದಾಗ ನಿಮ್ಮ ಮುಖ ಹೇಗಾಗುತ್ತದೆ ಎಂಬುದನ್ನು ಉಳಿದವರೆಲ್ಲ ನೋಡುತ್ತಿರುತ್ತಾರೆ. ಅವತ್ತು ಕೂಗಾಡಿದರೆ ಮುಂದಿನ ಗೀರು ನಿಮ್ಮ ಕಿವಿಗೆ ಬೀಳುವುದಿಲ್ಲ. ಪ್ರಯೋಗ ಶುರುವಾದ ಮೇಲೆ ಮೀಟರ್‌ನಲ್ಲಿ ಕಾಣುತ್ತದೆ. ಜಾಬ್ ಕಾರ್ಡಿನಲ್ಲಿ 'ಡ್ರಾಯಿಂಗ್‌ಗಿಂತ ಬೇರೆ ಮಾಡಿದ್ದು' ಅಂತ ಒಂದು ಖಾಲಿ ಜಾಗ ಇಡಿ, ಶಿಮ್ (ಸಂದು ತುಂಬಲು ಇಡುವ ತೆಳು ತಗಡು) ಹಾಕಿದ್ದರೂ ಬರೆಯಲಿ.

ಸುರಕ್ಷತೆಯ ವಿಷಯದಲ್ಲಿ ಚರ್ಚೆ ಬೇಡ. ದ್ರವ ಸಾರಜನಕ ಆವಿಯಾದರೆ ಸುಮಾರು 700 ಪಟ್ಟು ಹಿಗ್ಗುತ್ತದೆ, ಮುಚ್ಚಿದ ಕೋಣೆಯಲ್ಲಿ ಆಮ್ಲಜನಕವನ್ನು ಸದ್ದಿಲ್ಲದೆ ಹೊರದೂಡುತ್ತದೆ. ಆಕ್ಸಿಜನ್ ಅಲಾರಂ ಇಲ್ಲದೆ ಅಲ್ಲಿ ಯಾರನ್ನೂ ಕೆಲಸಕ್ಕೆ ಹಚ್ಚಬೇಡಿ. ಪ್ರೆಶರ್ ಟೆಸ್ಟ್ ಸಾಧ್ಯವಿದ್ದಲ್ಲೆಲ್ಲ ನೀರಿನಿಂದಲೇ. ಇನ್ನು ರಾತ್ರಿ ಹೊತ್ತು ವಿದ್ಯಾರ್ಥಿಗಳು ವರ್ಕ್‌ಶಾಪ್ ಬೀಗದ ಕೈ ಕೇಳಿಕೊಂಡು ಬರುತ್ತಾರೆ. ಕೊಡಬೇಡಿ. 2011ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ರಾತ್ರಿ ಒಬ್ಬಳೇ ಕೆಲಸ ಮಾಡುತ್ತಿದ್ದ ವಿದ್ಯಾರ್ಥಿನಿಯ ಕೂದಲು ಲೇತ್‌ಗೆ ಸಿಕ್ಕಿ ಅವಳು ತೀರಿಕೊಂಡಳು.

ವಿಜ್ಞಾನಿಗಳು ನಿಮ್ಮನ್ನು ದಾಟಿ ನೇರವಾಗಿ ಟೆಕ್ನಿಷಿಯನ್ ಬಳಿ ಹೋಗಿ 'ಇದೊಂದು ಚಿಕ್ಕ ಕೆಲಸ' ಅನ್ನುವುದು ಮಾಮೂಲು. ಹತ್ತು ನಿಮಿಷದ ಕೆಲಸಕ್ಕೆ ತಡೆ ಹಾಕಿ ಕೆಟ್ಟವರಾಗಬೇಡಿ, ಮಾತುಕತೆ ನಡೆಯಲಿ. ಆದರೆ ಮೆಷಿನ್ ಮೇಲೆ ಕಟ್ಟಿರುವ ಜಾಬನ್ನು ಬಿಚ್ಚಿ ಇನ್ನೊಂದು ಹಾಕಬೇಕು ಅಂದರೆ ಆ ತೀರ್ಮಾನ ನಿಮ್ಮದೇ, ಇಲ್ಲ ಅನ್ನುವ ಮುಜುಗರವೂ ನಿಮ್ಮದೇ. ಪ್ರೊಫೆಸರ್ ಎದುರು ಆ ಮಾತನ್ನು ಟರ್ನರ್ ಬಾಯಿಂದ ಆಡಿಸಬಾರದು.

ಈಗ ಅಧಿಕಾರ. ಹಿರಿಯ ಟರ್ನರ್‌ಗೆ ಟೂಲ್ ಹೇಗೆ ಕಟ್ಟಬೇಕು ಅಂತ ಹೇಳಲು ಹೋಗಬೇಡಿ, ನೀವು ಅವರಿಗಿಂತ ಚೆನ್ನಾಗಿ ಲೇತ್ ಓಡಿಸಬೇಕೆಂದು ಅವರೂ ಬಯಸುವುದಿಲ್ಲ. ಅವರಿಗೆ ನಿಮ್ಮಿಂದ ಬೇಕಿರುವುದು ಸ್ಪಷ್ಟ ಡ್ರಾಯಿಂಗ್, ಸಮಯಕ್ಕೆ ಬರುವ ಮೆಟೀರಿಯಲ್, ಮಧ್ಯೆ ಮಧ್ಯೆ ಬದಲಾಗದ ಆದ್ಯತೆ. ಡಿಸೈನ್ ಚರ್ಚೆ ನಡೆಯುವಾಗಲೇ, ಅಂದರೆ ಡ್ರಾಯಿಂಗ್‌ಗೆ ಸಹಿ ಬೀಳುವ ಮುಂಚೆಯೇ, ಅವರನ್ನು ಕೂರಿಸಿಕೊಳ್ಳಿ. 'ಈ ಮೂಲೆಗೆ ಸ್ಪ್ಯಾನರ್ ಹೋಗಲ್ಲ' ಎಂಬ ಮಾತು ಕಾಗದದ ಮೇಲಿದ್ದಾಗ ಬಂದರೆ ರಬ್ಬರ್ ಸಾಕು. ಉಪಕರಣ ಕೆಲಸ ಮಾಡಿ ಫಲಿತಾಂಶ ಪ್ರಕಟವಾಗುವಾಗ, ಕೃತಜ್ಞತೆಯ ಸಾಲಿನಲ್ಲಿ ಅದನ್ನು ಮಾಡಿದವರ ಹೆಸರು ಹಾಕಿ ಅಂತ ವಿಜ್ಞಾನಿಗಳಿಗೆ ನೀವೇ ಹೇಳಿ. ಅವರಾಗಿ ನೆನಪಿಟ್ಟುಕೊಳ್ಳುವುದು ಕಡಿಮೆ. ವರ್ಷದ ಕೊನೆಯ ಮೌಲ್ಯಮಾಪನದಲ್ಲಿ ಮುಗಿಸಿದ ಜಾಬ್‌ಗಳ ಸಂಖ್ಯೆ ಎಣಿಸುವ ಕಾರ್ಖಾನೆಯ ಪದ್ಧತಿಯನ್ನು ಮಾತ್ರ ಇಲ್ಲಿಗೆ ತರಬೇಡಿ, ಕಷ್ಟದ ಜಾಬನ್ನು ಆಮೇಲೆ ಯಾರೂ ಮುಟ್ಟುವುದಿಲ್ಲ.