ಪ್ರತಿಕ್ರಿಯೆ: ಅಜ್ಜಿಯ ಗುಟ್ಟಿನ ಕಾಗದಗಳನ್ನು ಅಮ್ಮನಿಗೆ ತೋರಿಸಬೇಕಾ?

ನಿಮ್ಮ ಅಜ್ಜಿ ಈಗ ಹಳೆಯ ಹುಡುಗನೊಬ್ಬನ ಹೆಸರು ಹೇಳುತ್ತಿದ್ದಾರೆ, ಅವನು ಬರೆದ ಕಾಗದಗಳನ್ನು ಅಮ್ಮನಿಗೆ ತೋರಿಸಬೇಕಾ ಅಂತ ಕೇಳಿದ್ದೀರಿ. ಅಜ್ಜ ತೀರಿಕೊಂಡ ಮೇಲೆ ಗುಟ್ಟು ಕಾಯುವ ಕಾರಣವೇ ಅಜ್ಜಿಗೆ ಉಳಿದಿಲ್ಲ. ನ್ಯೂಜೆರ್ಸಿಗೆ ಬಂದು ಐವತ್ತು ವರ್ಷದ ಮೇಲೆ, 84ನೇ ವಯಸ್ಸಿನಲ್ಲಿ, ಮೈಸೂರಿನ ಕಾಲೇಜು ದಿನಗಳ ಆ ಹುಡುಗನ ಹೆಸರು ಈಗ ಬಾಯಿಗೆ ಬರುತ್ತಿರುವುದು ಅದಕ್ಕೇ ಇರಬೇಕು. ಮರೆವಿನ ಕಾಯಿಲೆಯೂ ಇರಬಹುದು. ಅದರಲ್ಲಿ ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯದು ಉಳಿಯುತ್ತದೆ. ಬೆಳಗಿನ ತಿಂಡಿ ಮರೆತು ನಿಮ್ಮನ್ನೇ ಆ ಹುಡುಗ ಅಂದುಕೊಂಡರೆ ಡಾಕ್ಟರಿಗೆ ತೋರಿಸಿ. ನೀವು ಬರೆದದ್ದು ನೋಡಿದರೆ ಹಾಗೆ ಅನ್ನಿಸುವುದಿಲ್ಲ, ಆದರೆ ಇಲ್ಲಿಂದ ಖಚಿತವಾಗಿ ಹೇಳಲಾರೆ.

ಸದ್ಯಕ್ಕೆ ಅಮ್ಮನಿಗೆ ಹೇಳಬೇಡಿ. ಯಾರೂ ಇಲ್ಲದಾಗ ಪಕ್ಕ ಕೂತು, "ಅಜ್ಜಿ, ಇವನ್ನ ಓದ್ಲಾ?" ಅಂತ ಕೇಳಿ. ಬೇಡ ಅಂದರೆ ಬಿಡಿ. "ಅಜ್ಜನ ಮೇಲೆ ಪ್ರೀತಿ ಇರ್ಲಿಲ್ವಾ?" ಅಂತ ಮಾತ್ರ ಕೇಳಬೇಡಿ. ಆ ಪ್ರಶ್ನೆಗೆ ಬಾಯಿ ಮುಚ್ಚಿಕೊಂಡುಬಿಡುತ್ತಾರೆ.

ಅಜ್ಜಿಯ ಗೆಳತಿಯ ವಿಳಾಸಕ್ಕೆ ಬಂದ ಆ ಕಾಗದಗಳು, ಅಂದರೆ ಮಡಿಸಿದರೆ ತಾನೇ ಲಕೋಟೆಯಾಗುವ ತೆಳು ನೀಲಿ ಏರೋಗ್ರಾಮ್‌ಗಳು ಮಡಿಕೆಯಲ್ಲೇ ಹರಿಯುತ್ತವೆ. ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಅಜ್ಜಿ ಒಪ್ಪಿದರೆ ಕಿಟಕಿ ಬೆಳಕಲ್ಲಿ, ಫ್ಲ್ಯಾಶ್ ಇಲ್ಲದೆ ಎರಡೂ ಬದಿ ಫೋಟೋ ತೆಗೆಯಿರಿ. ಅಂಚಲ್ಲಿ ಜಾಗ ಸಾಲದೆ ಅಡ್ಡಡ್ಡ ಬರೆದ ಸಾಲುಗಳು ಬಿಟ್ಟುಹೋಗದಿರಲಿ, ಜೀವ ಇರೋದೇ ಅಲ್ಲಿ.

ತಮ್ಮ ನಂತರ ಇವನ್ನು ಏನು ಮಾಡಬೇಕು ಅಂತಲೂ ಕೇಳಿಬಿಡಿ. ಸುಡು ಅಂದರೆ ಫೋಟೋಗಳನ್ನೂ ಅಳಿಸಬೇಕು. ಆ ವ್ಯಕ್ತಿಯನ್ನು ಫೇಸ್‌ಬುಕ್‌ನಲ್ಲಿ ಹುಡುಕುವುದು ಅಜ್ಜಿ ಬಾಯಿಬಿಟ್ಟು ಕೇಳಿದರೆ ಮಾತ್ರ. ಆ ಕಡೆಯೂ ಒಂದು ಸಂಸಾರ ಇರುತ್ತದೆ, ಅಲ್ವಾ? ಮೊದಲ ಮೆಸೇಜಿನಲ್ಲಿ "ನಮ್ಮಜ್ಜಿಯ ಕಾಲೇಜಿನ ಪರಿಚಯ" ಅಂತಷ್ಟೇ ಬರೆಯಿರಿ.